ಸಕ್ಕರೆಗೆ ಮಡಿಯಿಲ್ಲ

ಕಳೆದ ತಿಂಗಳು ನನಗೆ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ಹೊಸದಾಗಿ ಸೇರಿದ ಟೀಚರೊಬ್ಬಳು, "ಮೇಡಂ, ನಿಮಗೆ ಕೆಲಸ ಕಲಿಸಿದೋರು ಯಾರು?" ಎಂದು ಕೇಳಿದಳು. ಟ್ರೈನಿಂಗ್ ಶಾಲೆಯ ಇಬ್ಬರು ಮೇಷ್ಟರ ಹೆಸರು ಹೇಳಿ ಕೂತುಬಿಟ್ಟೆ. ನಿಜವಾಗಿ ಕಲಿಸಿದವರ ಹೆಸರು ಬಾಯಿಗೆ ಬರಲಿಲ್ಲ. ಇಲ್ಲೂ ಅದನ್ನು ಬರೆಯುವುದಿಲ್ಲ. ಅವರು ಹೇಗಿದ್ದರು ಎಂಬುದನ್ನಾದರೂ ಬರೆದಿಡಬೇಕು ಎನ್ನಿಸಿದೆ.

ಅವರು ದೇವನಹಳ್ಳಿಯ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ. ನಾನು ಅಲ್ಲಿಗೆ ಹೋದಾಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ ಹಿಡಿದು ನಿಲ್ಲಬೇಕಾಗಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದವು. ನನ್ನ ಯಜಮಾನರು ಸೈನ್ಯ ಸೇರಿ ಹೋಗಿದ್ದರು, ಎಲ್ಲಿದ್ದಾರೆಂದು ಕಾಗದದಲ್ಲಿ ಬರೆಯುವ ಹಾಗಿರಲಿಲ್ಲ. ಚನ್ನರಾಯಪಟ್ಟಣದ ಕಡೆಯ ಹಳ್ಳಿಯವಳು ನಾನು. ನಮ್ಮ ಒಕ್ಕಲು ಮನೆತನದಲ್ಲಿ ಸಂಬಳಕ್ಕೆ ಹೋದ ಹೆಣ್ಣು ಅದುವರೆಗೆ ಇರಲಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಮೊದಲ ವಾರ ನಾನು ಮೂರನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಹೆಡ್‌ಮೇಡಂ ಸದ್ದಿಲ್ಲದೆ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಮಕ್ಕಳ ಹಾಗೆಯೇ ಕೈ ಎತ್ತಿ, "ಟೀಚರ್, ನನಗೆ ಅರ್ಥವಾಗ್ಲಿಲ್ಲ," ಎಂದರು. ಮಕ್ಕಳು ನಕ್ಕರು. ನಾನು ಇನ್ನೊಂದು ಸಲ ಹೇಳಿದೆ. "ಇನ್ನೂ ಅರ್ಥವಾಗ್ಲಿಲ್ಲ." ಮೂರನೆಯ ಸಲ ಹೇಳುವಾಗ ನನಗೇ ಗೊತ್ತಾಯಿತು, ಮಧ್ಯದಲ್ಲಿ ಒಂದು ಹೆಜ್ಜೆ ನುಂಗಿಬಿಡುತ್ತಿದ್ದೇನೆ ಎಂದು. ಅದನ್ನು ಸೇರಿಸಿದ ತಕ್ಷಣ ಅವರು ಎದ್ದು ಹೋದರು. ಆ ವಿಷಯ ಮತ್ತೆ ಎತ್ತಲೇ ಇಲ್ಲ.

ಉದ್ದನೆಯ ಆಳು. ಹಣೆಯಲ್ಲಿ ಏನೂ ಇಲ್ಲ, ಬಿಳಿ ಸೀರೆ. ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ಗಂಡ ತೀರಿಹೋಗಿದ್ದರು. ಆಮೇಲೆ ಮೈಸೂರಿನಲ್ಲಿ ಓದಿ ಕೆಲಸಕ್ಕೆ ಬಂದವರು. ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎಷ್ಟು ಇಳಿಯುತ್ತಿತ್ತೆಂದರೆ ಬೈಸಿಕೊಳ್ಳುವವರು ಹತ್ತಿರ ಹೋಗಿ ಬೈಸಿಕೊಳ್ಳಬೇಕು.

ಕೋಟೆಯೊಳಗಿನ ಬೀದಿಯಲ್ಲಿ ಒಂದು ಹಂಚಿನ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಗೋಡೆ ಮಾಡಿನ ತನಕ ಹೋಗಿರಲಿಲ್ಲ. ಅವರು ಪುಟ ತಿರುವಿದ್ದೂ ನನಗೆ ಕೇಳಿಸುತ್ತಿತ್ತು.

ಆ ಬೇಸಿಗೆಯಲ್ಲಿ ಅವರ ಮೈ ಇಳಿಯತೊಡಗಿತು. ಮೇಜಿನ ಮೇಲೆ ನೀರಿನ ಕೂಜ ಇಟ್ಟುಕೊಂಡು ಒಂದೇ ಬೆಳಿಗ್ಗೆ ಎರಡು ಸಲ ಖಾಲಿ ಮಾಡುತ್ತಿದ್ದರು. ರವಿಕೆ ತೋಳಿನಲ್ಲಿ ಜೋಲುತ್ತಿತ್ತು. ಶಾಲೆಯ ಆಯಾ ಒಂದು ದಿನ ನನ್ನ ಕಿವಿಯಲ್ಲಿ, "ದೊಡ್ಡಮ್ಮೋರ ಬಚ್ಚಲಿಗೆ ಇರುವೆ ಸಾಲು ಕಟ್ತಾವೆ ಕಣವ್ವ, ಬೆಲ್ಲ ಚೆಲ್ದಂಗೆ," ಎಂದಳು. ನನಗೆ ಅದರ ಅರ್ಥವಾಗಲಿಲ್ಲ. ಒಂದು ಬೆಳಿಗ್ಗೆ ಗೋಡೆಯಾಚೆ ಸದ್ದೇ ಇಲ್ಲ, ಬರೀ ಉಸಿರು. ಬಾಗಿಲು ತಳ್ಳಿ ನೋಡಿದರೆ ಚಾಪೆಯ ಮೇಲೆ ಕಣ್ಣು ಅರೆ ತೆರೆದು ಬಿದ್ದಿದ್ದರು. ಉಸಿರಿಗೆ ಕೊಳೆತ ಹಣ್ಣಿನ ವಾಸನೆಯಿತ್ತು. ಊರಿನ ಆಸ್ಪತ್ರೆಯ ಡಾಕ್ಟರು ನೋಡಿದವರೇ, "ಮೊದಲು ಬೆಂಗಳೂರಿಗೆ ಕರ್ಕೊಂಡು ಹೋಗಿ," ಎಂದರು. ಸಣ್ಣ ರೈಲಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಹೋದೆ. ಜೊತೆಗೆ ಬರುವವರು ಬೇರೆ ಯಾರೂ ಇರಲಿಲ್ಲ.

ಮೂರು ವಾರದ ಮೇಲೆ ಒಬ್ಬರೇ ವಾಪಸ್ಸು ಬಂದರು, ಕೈಯಲ್ಲಿ ಒಂದು ತಗಡಿನ ಡಬ್ಬಿ. ಆವತ್ತು ಸಂಜೆ ನನ್ನನ್ನು ಕರೆದು, ಬಾಗಿಲು ಹಾಕಿಸಿ, ಡಬ್ಬಿ ಬಿಚ್ಚಿದರು. ಗಾಜಿನ ಪಿಚಕಾರಿ, ಎರಡು ಸೂಜಿ, ಸ್ಪಿರಿಟ್ಟಿನ ಸೀಸೆ, ರಬ್ಬರಿನ ಮುಚ್ಚಳದ ಒಂದು ಪುಟ್ಟ ಬುಡ್ಡಿ.

"ಇದು ಇನ್ಸುಲಿನ್. ಸಕ್ಕರೆ ಕಾಯಿಲೆಗೆ. ದಿನಕ್ಕೆ ಎರಡು ಸಲ ತೊಡೆಗೆ ಚುಚ್ಕೋಬೇಕು. ಆಸ್ಪತ್ರೇಲಿ ಮೊದಲು ಬದನೆಕಾಯಿಗೆ ಚುಚ್ಚೋದು ಕಲಿಸಿದ್ರು. ಆಮೇಲೆ ನನಗೆ."

"ಎಷ್ಟು ದಿನಕ್ಕೆ ವಾಸಿಯಾಗತ್ತೆ ಮೇಡಂ?"

"ವಾಸಿಯಾಗಲ್ಲ. ಸಾಯೋದೂ ಇಲ್ಲ, ಹೊತ್ತಿಗೆ ಸರಿಯಾಗಿ ಚುಚ್ಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡಿದ್ರೆ." ಬುಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಚುಚ್ಕೊಂಡು ಊಟ ತಡವಾದ್ರೆ ಮಾತ್ರ ಕಷ್ಟ. ಮೈ ಬೆವರತ್ತೆ, ಕೈ ನಡುಗತ್ತೆ, ಮಾತು ಎಲ್ಲೆಲ್ಲೋ ಹೋಗತ್ತೆ. ಆಮೇಲೆ ಎಚ್ಚರ ತಪ್ಪತ್ತೆ. ಹಾಗಾದ್ರೆ ನನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಾನು ಬೇಡ ಅಂದ್ರೂ ಹಾಕಬೇಕು, ಬೈದ್ರೂ ಹಾಕಬೇಕು. ಅದಕ್ಕೆ ನೀನು."

ಶಾಲೆಯಲ್ಲಿ ನನ್ನನ್ನು 'ನೀವು' ಎನ್ನುತ್ತಿದ್ದವರು ಆವತ್ತಿನಿಂದ ಮನೆಯಲ್ಲಿ 'ನೀನು' ಎಂದರು. ನಾನು ಹಿಂಜರಿದೆ. ಅವರು ಬ್ರಾಹ್ಮಣರು, ಅವರ ಅಡುಗೆಮನೆಯ ಹೊಸ್ತಿಲನ್ನು ನಾನು ದಾಟಿದವಳಲ್ಲ.

"ನನ್ನ ಕೈಯಿಂದ ನಿಮ್ಮ ಬಾಯಿಗೆ..." ಎಂದೆ.

"ಸಕ್ಕರೆಗೆ ಮಡಿಯಿಲ್ಲ ಕಣಮ್ಮ."

ಇನ್ನೊಂದು ಮಾತನ್ನೂ ಹೇಳಿದರು. "ಯಾರಿಗೂ ಹೇಳಕೂಡದು. ಗೊತ್ತಾದ್ರೆ ಇವಳ ಕೈಲಿ ಕೆಲಸ ಆಗಲ್ಲ ಅಂತ ಮನೆಗೆ ಕಳಿಸ್ತಾರೆ. ನನಗೆ ಮನೆ ಎಲ್ಲಿದೆ?"

ಆಮೇಲಿನ ಅವರ ದಿನಗಳನ್ನು ನಾನು ಗೋಡೆಯಾಚೆಯಿಂದ ಕೇಳಿಸಿಕೊಂಡೇ ಬಲ್ಲೆ. ಬೆಳಿಗ್ಗೆ ಎದ್ದು ಒಂದು ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು ಕುದಿಸುತ್ತಿದ್ದರು. ನೀಲಿ ಹಾಗೇ ಉಳಿದರೆ ಒಳ್ಳೆಯದು. ಹಸಿರಾದರೆ ಪರವಾಗಿಲ್ಲ. ಹಳದಿಯಾದರೆ ಸಕ್ಕರೆ ಜಾಸ್ತಿ, ಇಟ್ಟಿಗೆ ಬಣ್ಣವಾದರೆ ಬಹಳ ಜಾಸ್ತಿ. ಹಾಜರಿ ಕರೆದ ಹಾಗೆ ನನಗೆ ಕೇಳುವಂತೆ ಬಣ್ಣ ಹೇಳುತ್ತಿದ್ದರು. "ಇವತ್ತು ಹಸಿರು." "ಇವತ್ತು ಹಳದಿ ಕಣಮ್ಮ, ನಿನ್ನೆ ಆ ಆಲೂಗೆಡ್ಡೆ ತಿನ್ನಬಾರದಿತ್ತು." ಆಮೇಲೆ ಪಿಚಕಾರಿ ಕುದಿಯುವ ಸದ್ದು. ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆಯುವ ಸದ್ದು. ಮಸೆದ ಮೇಲೆ ಹತ್ತಿಯಲ್ಲಿ ಎಳೆದು ನೋಡುತ್ತಿದ್ದರಂತೆ, ಎಳೆ ಸಿಕ್ಕಿಕೊಂಡರೆ ಇನ್ನೂ ಮಸೆಯಬೇಕು. ಆಮೇಲೆ ಒಂದು ಕ್ಷಣ ಏನೂ ಕೇಳಿಸುತ್ತಿರಲಿಲ್ಲ. ಆ ಕ್ಷಣದಲ್ಲಿ ನಾನೂ ಉಸಿರು ಹಿಡಿಯುತ್ತಿದ್ದೆ.

ಔಷಧಿಯ ಬುಡ್ಡಿ ತಂಪಾಗಿರಬೇಕೆಂದು ಮಡಕೆಯಲ್ಲಿ ಒದ್ದೆ ಮರಳು ತುಂಬಿ ಅದರಲ್ಲಿ ಹೂತಿಡುತ್ತಿದ್ದರು. ಊಟಕ್ಕೆ ಗೋಧಿ, ಸೊಪ್ಪು, ಮಜ್ಜಿಗೆ. ಅನ್ನವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಬಡಿಸಿಕೊಳ್ಳುತ್ತಿದ್ದರು. "ಹಸಿವಾದಾಗ ಊಟ ಮಾಡೋರು ಪುಣ್ಯವಂತರು. ನಾನು ಗಂಟೆ ಹೊಡೆದಾಗ ಊಟ ಮಾಡೋಳು," ಎಂದು ಒಮ್ಮೆ ಹೇಳಿದರು. ಮದುವೆ ಮುಂಜಿಗೆ ಹೋಗುವುದು ನಿಂತಿತು, ಎಲೆ ಹಾಕುವುದು ಎಷ್ಟು ಹೊತ್ತಿಗೋ ಯಾರಿಗೆ ಗೊತ್ತು? ಕರೆಯಲು ಬಂದವರಿಗೆ ಏನೋ ನೆಪ ಹೇಳುತ್ತಿದ್ದರು. ಎರಡು ವರ್ಷದಲ್ಲಿ ಕರೆಯುವವರೂ ನಿಂತರು.

ಅವರ ತಾಯಿ ಒಮ್ಮೆ ಬಂದಿದ್ದರು. ವಯಸ್ಸಾದವರು, ಮಗಳ ಜೊತೆ ತಿಂಗಳು ಇರುತ್ತೇನೆಂದು ಗಂಟು ಮೂಟೆ ತಂದಿದ್ದರು. ನಾಲ್ಕನೇ ದಿನ ಏಕಾದಶಿ. ಗೋಡೆಯಾಚೆ ತಟ್ಟೆಯ ಸದ್ದಾಯಿತು. ಅದರ ಹಿಂದೆಯೇ ಆ ಮುದುಕಿಯ ಧ್ವನಿ.

"ಏಕಾದಶಿ ದಿನ ಉಣ್ತಿದೀಯೇನೇ?"

"ಔಷಧಿ ತಗೊಂಡಿದೀನಮ್ಮ. ಊಟ ಮಾಡ್ಲೇಬೇಕು."

"ಗಂಡ ಸತ್ತ ಹೆಂಗಸು ಏಕಾದಶಿ ದಿನ ಉಣ್ಣೋಕೆ ಅದ್ಯಾವ ಔಷಧಿ?"

ಮರುದಿನವೇ ಅವರು ಗಂಟು ಕಟ್ಟಿದರು. ಹೆಡ್‌ಮೇಡಂ ಸ್ಟೇಷನ್ನಿನ ತನಕ ಹೋಗಿ ಕಳಿಸಿ ಬಂದು, ಎಂದಿನಂತೆ ಹತ್ತೂವರೆಗೆ ಶಾಲೆಯ ಗೇಟಿನಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿದ್ದವು. ಒಬ್ಬ ಹುಡುಗಿಯ ಉಗುರು ನೋಡಿ, "ಕತ್ತರಿಸ್ಕೊಂಡು ಬಾ," ಎಂದರು, ಅಷ್ಟೇ.

ಊರಲ್ಲಿ ಮಾತು ಹುಟ್ಟಿತು. ದಿನಕ್ಕೆರಡು ಸಲ ಬಾಗಿಲು ಹಾಕಿಕೊಳ್ಳುತ್ತಾರೆ, ಬಾಗಿಲು ತೆಗೆದರೆ ಸ್ಪಿರಿಟ್ಟಿನ ವಾಸನೆ. ಮನೆಯ ಒಡತಿ ನನ್ನನ್ನು ಬಾವಿಕಟ್ಟೆಯಲ್ಲಿ ಹಿಡಿದು, "ನಿಮ್ಮ ಇಸ್ಕೂಲಮ್ಮ ಕುಡೀತಾಳಂತಲ್ಲವ್ವ, ಹೌದಾ?" ಎಂದು ಕೇಳಿದಳು. "ಇಲ್ಲಮ್ಮ," ಎಂದೆ. ಮತ್ತೇನು ಎಂದು ಕೇಳಿದಳು. ಕೊಡ ಎತ್ತಿಕೊಂಡು ಹೊರಟುಬಿಟ್ಟೆ. ಬಂದು ಹೇಳಿದಾಗ ಹೆಡ್‌ಮೇಡಂ ನಕ್ಕರು. "ಕುಡಿದೋಳು ಅಂದ್ಕೊಳ್ಳಲಿ ಬಿಡು. ಕುಡಿಯೋದನ್ನ ಬಿಟ್ರು ಅಂತ ನಾಳೆ ಅಂದ್ಕೋಬಹುದು. ಕಾಯಿಲೆ ಹಾಗಲ್ಲ."

ಒಮ್ಮೆ ಬೆಂಗಳೂರಿನ ಅಂಗಡಿಯಲ್ಲಿ ಔಷಧಿ ಬರಲಿಲ್ಲ. ಹಡಗಿನಲ್ಲಿ ಬರಬೇಕು, ಯುದ್ಧ. ಉಳಿದಿದ್ದ ಬುಡ್ಡಿಯನ್ನು ಅವರು ಅರ್ಧರ್ಧ ಮಾಡಿ ಹತ್ತು ದಿನ ಎಳೆದರು. ಔಷಧಿಗೆ ತಕ್ಕ ಹಾಗೆ ಊಟವನ್ನೂ ಇಳಿಸಿ, ಬರೀ ಸೊಪ್ಪು ಬೇಯಿಸಿಕೊಂಡು ತಿಂದರು. ಬೆಳಿಗ್ಗೆ ಬಣ್ಣ ಕೂಗುವುದನ್ನು ನಿಲ್ಲಿಸಿಬಿಟ್ಟಿದ್ದರು. ನಾನೂ ಕೇಳಲಿಲ್ಲ. ಆ ಹತ್ತು ದಿನವೂ ಅವರು ಒಂದು ಪೀರಿಯಡ್ಡನ್ನೂ ತಪ್ಪಿಸಲಿಲ್ಲ.

ಇನ್ನು ಆ ದಿನದ ವಿಷಯ.

ಶಾಲೆಗೆ ಇನ್ಸ್‌ಪೆಕ್ಷನ್ ಇತ್ತು. ಮೇಲಧಿಕಾರಿ ಹೆಂಗಸು ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆಂದು ಕಾಗದ ಬಂದಿತ್ತು. ಹೆಡ್‌ಮೇಡಂ ಬೆಳಿಗ್ಗೆ ಎಂದಿನಂತೆ ಚುಚ್ಚಿಕೊಂಡು ಇನ್ನೇನು ತಟ್ಟೆಯ ಮುಂದೆ ಕೂರಬೇಕು, ಜವಾನ ಬಂದ. ಅಧಿಕಾರಿ ಹಿಂದಿನ ಸಂಜೆಯೇ ಬಂದು ಪ್ರವಾಸಿ ಬಂಗಲೆಯಲ್ಲಿ ಉಳಿದಿದ್ದಾರೆ, ಈಗಾಗಲೇ ಶಾಲೆಯ ಬಾಗಿಲಲ್ಲಿ ನಿಂತಿದ್ದಾರೆ ಎಂದ. ಹೆಡ್‌ಮೇಡಂ ಒಂದು ಬಾಳೆಹಣ್ಣು ತಿಂದು ಎದ್ದರು. ದಾರಿಯಲ್ಲಿ ಒಂದು ಪೊಟ್ಟಣ ನನ್ನ ಕೈಗಿಟ್ಟು, "ಸಕ್ಕರೆ. ಸೊಂಟದಲ್ಲಿ ಇಟ್ಕೊಂಡಿರು. ನನ್ನ ಮೇಲೆ ಒಂದು ಕಣ್ಣಿರಲಿ," ಎಂದರು.

ಮೂರನೇ ಕ್ಲಾಸಿನಲ್ಲಿ ಅದು ಶುರುವಾಯಿತು. ಅಧಿಕಾರಿ ಮಕ್ಕಳಿಗೆ ಹದಿನಾರನೇ ಮಗ್ಗಿ ಹೇಳಿ ಎಂದಿದ್ದರು. ನಾನು ಪಕ್ಕದ ಕ್ಲಾಸಿನಿಂದ ಬಂದು ಬಾಗಿಲಲ್ಲಿ ನಿಂತೆ. ಹೆಡ್‌ಮೇಡಂ ಹಲಗೆಗೆ ಒರಗಿ ನಿಂತಿದ್ದರು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ಈ ಕ್ಲಾಸಲ್ಲಿ ಎಷ್ಟು ಮಕ್ಕಳು?" ಎಂದು ಅಧಿಕಾರಿ ಕೇಳಿದರು.

"ಹಳದಿ," ಎಂದರು ಹೆಡ್‌ಮೇಡಂ. ನಕ್ಕರು. ಅಧಿಕಾರಿಯ ಕೈಯಿಂದ ಹಾಜರಿ ಪುಸ್ತಕ ಕಿತ್ತುಕೊಂಡು, "ಬಿಡ್ರೀ ಅದನ್ನ, ಬಿಡಿ," ಎಂದರು.

ನಾನು ಎರಡು ಹೆಜ್ಜೆ ಒಳಗಿಟ್ಟೆ. ಅಧಿಕಾರಿ ತಿರುಗಿ ನೋಡಿದರು. "ನಿಮ್ಮ ಕ್ಲಾಸಿಗೆ ಹೋಗಿ!" ಎಂದರು.

ನಾನು ನಿಂತೆ. ಆ ಹೆಂಗಸಿನ ಒಂದು ಸಹಿಯಿಂದ ನನ್ನ ಕೆಲಸ ಕಾಯಂ ಆಗಬೇಕಾಗಿತ್ತು. ಎಲ್ಲರೆದುರು ಹೋಗಿ ಹೆಡ್‌ಮೇಡಂ ಬಾಯಿಗೆ ಸಕ್ಕರೆ ತುರುಕಿದರೆ ಏನೆಂದು ಹೇಳುವುದು? ಗುಟ್ಟು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪೊಟ್ಟಣ ಕೈಯಲ್ಲೇ ಇತ್ತು, ಸೆರಗಿನಡಿ. ಮಕ್ಕಳು ಹದಿನಾರನೇ ಮಗ್ಗಿ ಹೇಳುತ್ತಲೇ ಇದ್ದರು, ಯಾರೂ ನಿಲ್ಲಿಸಿ ಎಂದಿರಲಿಲ್ಲವಲ್ಲ. ಮಗ್ಗಿ ಮುಗಿಯಿತು. ಹೆಡ್‌ಮೇಡಂ ಬಿದ್ದರು. ಬೆಂಚಿನ ಮೂಲೆ ಹಣೆಗೆ ಹೊಡೆಯಿತು.

ಆಗ ಓಡಿದೆ. ಅವರ ದವಡೆ ಬಿಡಿಸಿ, ಕೆನ್ನೆಯೊಳಗೆ ಸಕ್ಕರೆ ತಿಕ್ಕಿದೆ. ನನ್ನ ಬೆರಳು ಕಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದು ಮಕ್ಕಳನ್ನು ನೋಡಿ, "ಯಾರಾದ್ರೂ ಹೆದರ್ಕೊಂಡ್ರಾ?" ಎಂದರು. ಅಧಿಕಾರಿ ಬಗ್ಗಿ ಮೂಸಿ ನೋಡಿದರು. ಬೆಳಿಗ್ಗೆ ತೊಡೆಗೆ ಒರೆಸಿಕೊಂಡಿದ್ದ ಸ್ಪಿರಿಟ್ಟು ಸೀರೆಗೂ ಚೆಲ್ಲಿತ್ತು.

ಹದಿನೈದು ದಿನಕ್ಕೆ ಮೇಲಿನ ಆಫೀಸಿನಿಂದ ಕಾಗದ ಬಂತು. ಶಾಲೆಯಲ್ಲಿ ಕುಡಿದಿದ್ದರೇ ಎಂಬುದಕ್ಕೆ ಅವರಿಂದ ಉತ್ತರ ಬೇಕು, ನನ್ನಿಂದ ಹೇಳಿಕೆ ಬೇಕು.

"ನೀನು ಏನೂ ನೋಡಿಲ್ಲ ಅಂತ ಬರಿ," ಎಂದರು ಹೆಡ್‌ಮೇಡಂ. ಹಣೆಗೆ ಇನ್ನೂ ಪಟ್ಟಿ ಇತ್ತು. "ವಾಸನೆಗೆ ಸಾಕ್ಷಿ ಎಲ್ಲಿದೆ? ಬೇರೆ ಊರಿಗೆ ಹಾಕ್ತಾರೆ, ಹೋಗ್ತೀನಿ. ಅಲ್ಲೂ ಮಕ್ಕಳಿರ್ತಾರೆ."

ನಾನು ಹೂಂ ಎಂದೆ. ಮನೆಗೆ ಬಂದು ಲೇಖನಿ ಹಿಡಿದೆ. ಕುಡುಕಿ ಎಂಬ ಮಾತು ಅವರ ಮೇಲೆ ಉಳಿಯುವುದು ನನಗೆ ತಡೆಯಲಾಗಲಿಲ್ಲ. ಹಾಗೆಂದು ಆಗ ಅಂದುಕೊಂಡೆ. ಬಾಗಿಲಲ್ಲಿ ನಿಂತ ಆ ಹೊತ್ತನ್ನು ತೊಳೆದುಕೊಳ್ಳಲು ಏನಾದರೂ ಒಳ್ಳೆಯದು ಮಾಡಬೇಕಾಗಿತ್ತು ಎಂಬುದು ಈಗ ಗೊತ್ತಾಗುತ್ತದೆ. ಕಾಯಿಲೆ, ಔಷಧಿ, ಊಟ ತಪ್ಪಿದ್ದು, ಎಲ್ಲವನ್ನೂ ಎರಡು ಪುಟ ಬರೆದು, ಅವರಿಗೆ ತೋರಿಸದೆ ಕಳಿಸಿದೆ. ನಾನು ನಿಂತಿದ್ದನ್ನು ಬರೆಯಲಿಲ್ಲ.

ಕುಡಿದ ಆಪಾದನೆ ಬಿಟ್ಟುಹೋಯಿತು. ಬೆಂಗಳೂರಿನಲ್ಲಿ ಡಾಕ್ಟರುಗಳ ಮುಂದೆ ಅವರನ್ನು ನಿಲ್ಲಿಸಿದರು. ಕೆಲಸಕ್ಕೆ ಯೋಗ್ಯರಲ್ಲ ಎಂದು ಬರೆದರು. ಆಗ ಅವರಿಗೆ ನಲವತ್ತನಾಲ್ಕು. ಹೊಸಬರು ಬರುವ ತನಕ ಶಾಲೆಯನ್ನು ನೋಡಿಕೊಳ್ಳಲು ನನಗೆ ಹೇಳಿದರು. ನನ್ನ ಕೆಲಸವೂ ಕಾಯಂ ಆಯಿತು.

ಅವರು ನನ್ನನ್ನು ಬೈಯಲಿಲ್ಲ. ಗೋಡೆಯಾಚೆ ಬೆಳಿಗ್ಗೆ ಬಣ್ಣ ಹೇಳುವುದು ಮಾತ್ರ ನಿಂತಿತು. ಹೊಸಕೋಟೆಯಲ್ಲಿ ಗಂಡನ ತಮ್ಮನ ಮನೆಯಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಬಿಟ್ಟು ಬಂದ ಮನೆ ಅದು. ಸೂಲಿಬೆಲೆಯ ಮೇಲೆ ಹೋಗುವ ಬಸ್ಸಿನಲ್ಲಿ, ಮರಳಿನ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟರು. ಬಸ್ಸಿನ ಒಲೆ ಹತ್ತಿಸಲು ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆ ನಾನು ಕಿಟಕಿಯ ಕೆಳಗೆ ನಿಂತಿದ್ದೆ. ಅವರು ಹೇಳಿದ್ದು ಇಷ್ಟು: "ಎರಡನೇ ಕ್ಲಾಸಿನ ಹಂಚು ಸೋರತ್ತೆ. ಮಳೆಗಾಲಕ್ಕೆ ಮುಂಚೆ ಕಾಗದ ಬರೀರಿ." ಮತ್ತೆ 'ನೀವು' ಆಗಿದ್ದೆ.

ನೋಡಲು ಹೋಗಲು ನನಗೆ ಒಂದು ವರ್ಷ ಬೇಕಾಯಿತು. ಯುದ್ಧ ಮುಗಿದಿತ್ತು. ಹೊಸಕೋಟೆಯ ಆ ಮನೆಯಲ್ಲಿ ಅವರಿಗೆ ಹಿತ್ತಿಲಿನ ಕೋಣೆ ಕೊಟ್ಟಿದ್ದರು. ಇನ್ನೂ ಒಣಗಿದ್ದರು, ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು. ಶಾಲೆಯ ಸಮಾಚಾರವನ್ನೆಲ್ಲ ಕೇಳಿದ ಮೇಲೆ ಹೇಳಿದರು:

"ಅವತ್ತು ನೀವು ಬಾಗಿಲಲ್ಲಿ ನಿಂತಿದ್ದು ನನಗೆ ಕಾಣಿಸ್ತಿತ್ತು. ಕೈ ಕಾಲು ನನ್ನ ಮಾತು ಕೇಳ್ತಿರಲಿಲ್ಲ, ನಾಲಗೆ ಕೇಳ್ತಿರಲಿಲ್ಲ. ಕಣ್ಣು ಮಾತ್ರ ಎಲ್ಲಾ ನೋಡ್ತಿತ್ತು."

"ಹೆದರಿದ್ದೆ ಮೇಡಂ," ಎಂದೆ.

"ಗೊತ್ತು. ಅದಕ್ಕೆ ಬೇಜಾರಿಲ್ಲ. ನಾನೂ ಹೆದರ್ತಿದ್ದೆನೇನೋ. ಆಮೇಲೆ ನನ್ನ ಕೇಳದೆ ಬರೆದುಕೊಟ್ರಲ್ಲ, ಅದಕ್ಕೆ."

"ನಿಜಾನೇ ಬರೆದೆ ಮೇಡಂ."

"ನಿಜವೇ. ಆದ್ರೆ ಹೇಳೋದು ಬಿಡೋದು ನನಗೆ ಸೇರಿದ್ದಲ್ವಾ?"

ಅಷ್ಟರಲ್ಲಿ ಅವರ ಓರಗಿತ್ತಿ, ಮೈದುನನ ಹೆಂಡತಿ, ಬಾಗಿಲಿಗೆ ಬಂದು ನಿಂತರು. ನಲವತ್ತರ ಹೆಂಗಸು, ಒರಟು ಕೈ, ಓದು ಬರಹ ತಿಳಿಯದವರು. ಮನೆಯಲ್ಲಿ ಹೆಡ್‌ಮೇಡಂ ಇರುವುದು ಅವರಿಗೆ ಇಷ್ಟವಿಲ್ಲವೆಂದು ಮುಖವೇ ಹೇಳುತ್ತಿತ್ತು. "ಇವರಿಗೆ ಹೇಳ್ಕೊಡಿ," ಎಂದರು ಹೆಡ್‌ಮೇಡಂ. "ನಾನು ಹೇಳಿದ್ರೆ ಕೇಳಲ್ಲ. ಈ ಮನೇಲಿ ಇನ್ಯಾರೂ ಇಲ್ಲ."

"ನಂಗೆ ಭಯ ಕಣಮ್ಮ," ಎಂದರು ಆ ಹೆಂಗಸು. "ಸೂಜಿ ನೋಡಿದ್ರೇ ತಲೆ ಸುತ್ತತ್ತೆ."

"ಸೂಜಿ ಅವರೇ ಚುಚ್ಕೋತಾರೆ. ನೀವು ಸಕ್ಕರೆ ಹಾಕಿದ್ರೆ ಸಾಕು." ಹೇಗೆ ಪಕ್ಕಕ್ಕೆ ಮಲಗಿಸಬೇಕು, ಗಂಟಲಿಗೆ ಹಾಕದೆ ಕೆನ್ನೆಯೊಳಗೆ ಹೇಗೆ ತಿಕ್ಕಬೇಕು ಎಂದು ತೋರಿಸಿದೆ.

"ಬೈದ್ರೆ?"

"ಬೈಸ್ಕೊಳಿ. ನೋಡೋಣ ಅಂತ ಮಾತ್ರ ಕಾಯಬೇಡಿ. ಯಾರು ಎದುರಿಗಿದ್ರೂ ಸರಿ, ಒಂದು ನಿಮಿಷಾನೂ ಕಾಯಬೇಡಿ."

ಹೆಡ್‌ಮೇಡಂ ಕಿಟಕಿಯಾಚೆ ನೋಡುತ್ತಿದ್ದರು.

ಮತ್ತೆ ನಾನು ಹೋಗಲಿಲ್ಲ. ಯಜಮಾನರು ಬಂದರು, ಮಕ್ಕಳಾದರು, ನನಗೆ ದೊಡ್ಡಬಳ್ಳಾಪುರಕ್ಕೆ ವರ್ಗವಾಯಿತು. ಕಾರಣಗಳಿಗೇನು, ಎಷ್ಟು ಬೇಕಾದರೂ ಸಿಗುತ್ತವೆ. ಮೂರು ವರ್ಷದ ಮೇಲೆ ಒಂದು ಕಾರ್ಡು ಬಂತು. ಹಳೆಯ ವಿಳಾಸದಿಂದ ತಿರುಗಿಸಿ ಕಳಿಸಿದ್ದರು. ಒಂದನೇ ಕ್ಲಾಸಿನ ಮಕ್ಕಳ ಹಾಗೆ ದಪ್ಪ ದಪ್ಪ ಅಕ್ಷರ, ಗೆರೆ ಬಿಟ್ಟು ಇಳಿದಿದ್ದವು. ಬರೆದವರು ಆ ಓರಗಿತ್ತಿ.

"ಅಕ್ಕ ಹೋದ ಬುಧವಾರ ಹೋಗಿಬಿಟ್ಟರು. ಕಾಲಿನ ಹುಣ್ಣು ಏರಿ ಜ್ವರ ಬಂತು. ನೀವು ತೋರಿಸಿದ್ದು ನಾಕು ಸಲ ಮಾಡಿದೆ. ಒಂದು ಸಲ ಮನೆ ತುಂಬ ನೆಂಟರಿದ್ದರು, ಶ್ರಾದ್ಧ. ಮಡೀಲಿದ್ದೆ. ಹಾಗೇ ಓಡಿದೆ. ನಾಕು ಸಲವೂ ಎದ್ದು ಕೂತರು. ಓದು ಬರಹ ಅವರೇ ಕಲಿಸಿದ್ದು. ನಿಮಗೆ ತಿಳಿಸು ಅಂತ ಅವರು ಹೇಳಿರಲಿಲ್ಲ. ನನಗೇ ಅನ್ನಿಸಿತು."

ಆ ಕಾರ್ಡನ್ನು ಎರಡು ದಿನ ಇಟ್ಟುಕೊಂಡಿದ್ದೆ. ಮೂರನೇ ದಿನ ಒಂದು ಕಾರ್ಡು ತಂದು ಉತ್ತರ ಬರೆಯಲು ಕೂತೆ. ದುಃಖವಾಯಿತು, ನೀವು ಮಾಡಿದ್ದು ದೊಡ್ಡ ಕೆಲಸ ಎಂದೆಲ್ಲ ಬರೆದೆ. ಕೆಳಗೆ ಸ್ವಲ್ಪ ಜಾಗ ಉಳಿಯಿತು. "ನಾನು ಒಂದೇ ಸಲ ಮಾಡಿದ್ದು. ಅದೂ ತಡವಾಗಿ," ಎಂದು ಬರೆದೆ. ತೆರೆದ ಕಾರ್ಡು, ಪೋಸ್ಟಿನವರೂ ಓದುತ್ತಾರೆ, ಆ ಮನೆಯವರೆಲ್ಲ ಓದುತ್ತಾರೆ. ಓದಲಿ ಎಂದು ತೆಗೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದೆ.